ಮೊದಲು ಗಾಳಿ, ಆಮೇಲೆ ಗೋಡೆ

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಆವರಣದಲ್ಲಿ ಒಂದು ಕಚೇರಿ, ಅದಕ್ಕಂಟಿಕೊಂಡು ಒಂದು ಲ್ಯಾಬು ಕಟ್ಟಬೇಕೆಂದು ನಕ್ಷೆ ಹಾಸಿಕೊಂಡು ಕೂತರೆ, ಎದುರಿಗಿರುವವರು ಮೊದಲು ಕೇಳುವುದು ದಿಕ್ಕನ್ನು. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ, ಸಂಪು ಈಶಾನ್ಯಕ್ಕೆ ಬರುತ್ತದೋ ಇಲ್ಲವೋ, ಸಾಹೇಬರ ಕುರ್ಚಿ ನೈಋತ್ಯದಲ್ಲಿ ಹಾಕಬಹುದೋ ಹೇಗೆ. ನಾನು ಕೇಳುವುದೂ ದಿಕ್ಕನ್ನೇ, ಆದರೆ ಗಾಳಿಯ ದಿಕ್ಕನ್ನು. ಜೂನ್‌ನಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಡಿಸೆಂಬರ್‌ನಲ್ಲಿ ಎಲ್ಲಿಂದ, ಬೆಳಗಿನ ಜಾವ ಎಲೆ ಅಲ್ಲಾಡದಿರುವಾಗ ವಾಸನೆ ಎಲ್ಲಿ ಹೋಗಿ ಕೂರುತ್ತದೆ? ಇದು ಗೊತ್ತಿಲ್ಲದೆ ಗೋಡೆ ಎಬ್ಬಿಸಿದರೆ, ಆಮೇಲೆ ಎಷ್ಟೇ ಎ.ಸಿ. ಹಾಕಿದರೂ ಎಷ್ಟೇ ಗಿಡ ನೆಟ್ಟರೂ ಆ ಕಟ್ಟಡದಲ್ಲಿ ಕೂತು ಕೆಲಸ ಮಾಡುವವರಿಗೆ ಬಿಡುಗಡೆಯಿಲ್ಲ.

ನಾನು ವೃತ್ತಿಯಿಂದ ಆರ್ಕಿಟೆಕ್ಟ್. ಪೀಣ್ಯದಲ್ಲಿ ಲೇತು, ಪ್ರೆಸ್ಸುಗಳಿಗೆ ಷೆಡ್ಡು ಕಟ್ಟಿಸುತ್ತಾ ಶುರು ಮಾಡಿದವನು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಕೆಲಸವೂ ಆ ಕಡೆ ಹರಿಯಿತು. ಗಾಜಿನ ಕಟ್ಟಡಗಳನ್ನು ಬರೆಯುವವರು ಬೇಕಾದಷ್ಟು ಜನ ಇದ್ದರು. ಆ ಗಾಜಿನ ಕಟ್ಟಡಗಳ ಕೊಳಚೆ ನೀರು ಹೋಗಿ ಸೇರುವ ಕಡೆ ನಾಲ್ಕು ಕೋಣೆ ಬರೆಯಲು ಯಾರಿಗೂ ಅಷ್ಟು ಆಸಕ್ತಿ ಇರಲಿಲ್ಲ. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಈ ನಾಲ್ಕು ಕೋಣೆ ಯಾಕೆ ಮುಖ್ಯ ಎಂದು ಮೊದಲು ಹೇಳಬೇಕು. ಬೆಂಗಳೂರು ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ನೂರು ಕಿಲೋಮೀಟರ್ ಆಚೆಯಿಂದ ಕಾವೇರಿ ನೀರನ್ನು ಮೇಲೆತ್ತಿ ತಂದು ಈ ಊರಿಗೆ ಕುಡಿಸುತ್ತಿರುವ ಸಂಸ್ಥೆ ಅದು. ಕುಡಿದು, ತೊಳೆದು, ಚೆಲ್ಲಿದ್ದರಲ್ಲಿ ಬಹುಪಾಲು ರಾಜಕಾಲುವೆಗಳಲ್ಲಿ ಇಳಿದು ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ–ನಾಗವಾರ, ವೃಷಭಾವತಿ ಎಂಬ ಮೂರು ಕಣಿವೆ ಸೇರುತ್ತದೆ. ಶುದ್ಧವಾಗದೆ ಹೋದಾಗ ಏನಾಯಿತೆಂದು ವೈಟ್‌ಫೀಲ್ಡ್ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೋಡಿಗಳ ನೊರೆ ರಸ್ತೆಗೆ ಬಂತು, 2017ರಲ್ಲಿ ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಅದೇ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. 440 ಎಂ.ಎಲ್.ಡಿ., ಅಂದರೆ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಬತ್ತಿದ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಆ ನೀರು ಕೆರೆಗೆ ಹೋಗಬಹುದೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಕೆಲವು ಅಂಕಿಗಳು: ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 10 ಮಿಲಿಗ್ರಾಂ ಒಳಗಿದೆಯೇ, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ) 50ರ ಒಳಗಿದೆಯೇ, ತೇಲುಕಣ ಎಷ್ಟು, ಕೋಲಿಫಾರ್ಮ್ ಎಷ್ಟು. ಅಂಕಿ ಹುಟ್ಟುವುದು ಲ್ಯಾಬಿನಲ್ಲಿ. ಲ್ಯಾಬಿನಲ್ಲಿ ಕೂತವರಿಗೆ ಎಂಟು ಗಂಟೆ ಉಸಿರಾಡಲು, ಕಣ್ಣು ನೆಟ್ಟು ನೋಡಲು ಆಗುವಂತಿದ್ದರೆ ಮಾತ್ರ ಅಂಕಿಯನ್ನು ನಂಬಬಹುದು. ಸುಸ್ಥಿರ ಕಟ್ಟಡ ಎಂಬ ದೊಡ್ಡ ಮಾತಿಗೆ ಇಲ್ಲಿ ನಾನು ಕೊಡುವ ಅರ್ಥ ಇಷ್ಟೇ.

ಈಗ ಘಟಕದೊಳಗೆ ಒಂದು ಸುತ್ತು ಬರೋಣ. ಕೊಳಚೆ ಬಂದು ಬೀಳುವ ಕಡೆಗೆ ಇನ್‌ಲೆಟ್ ಎನ್ನುತ್ತಾರೆ. ಪ್ಲಾಸ್ಟಿಕ್, ಬಟ್ಟೆ, ಕೂದಲು ಜಾಲರಿಗೆ ಸಿಕ್ಕಿಕೊಳ್ಳುವುದು ಅಲ್ಲಿ, ಮರಳು ಕೆಳಗಿಳಿಯುವುದು ಅದರ ಮುಂದೆ. ವಾಸನೆಯ ರಾಜಧಾನಿ ಅದು. ಅದಾದ ಮೇಲೆ ಏರೇಷನ್ ಟ್ಯಾಂಕು: ಬ್ಲೋವರುಗಳು ಗಾಳಿ ಊದುತ್ತವೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಸರಿಯಾಗಿ ನಡೆಯುವ ಏರೇಷನ್ ಟ್ಯಾಂಕಿನ ಹತ್ತಿರ ನಿಂತರೆ ಒದ್ದೆ ಮಣ್ಣಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಆಮೇಲೆ ಕ್ಲಾರಿಫೈಯರ್, ಫಿಲ್ಟರ್, ಕ್ಲೋರಿನ್, ಔಟ್‌ಲೆಟ್. ಇನ್ನೊಂದು ಪಕ್ಕದಲ್ಲಿ ಸ್ಲಡ್ಜ್ ಎಂಬ ಕೆಸರನ್ನು ಹಿಂಡಿ ಒಣಗಿಸುವ ಜಾಗ; ವಾಸನೆಯಲ್ಲಿ ಇನ್‌ಲೆಟ್‌ಗೆ ಸರಿಸಾಟಿ.

ಆಡಳಿತ ಕಚೇರಿಯನ್ನು ಎಲ್ಲಿಡುತ್ತಾರೆ? ಬಹುತೇಕ ಕಡೆ ಗೇಟಿನ ಪಕ್ಕದಲ್ಲಿ. ಗೇಟು ರಸ್ತೆ ಕಡೆ, ಒಳಚರಂಡಿಯ ದೊಡ್ಡ ಪೈಪು ಬರುವುದೂ ಹೆಚ್ಚಾಗಿ ರಸ್ತೆ ಕಡೆಯಿಂದ, ಹಾಗಾಗಿ ಇನ್‌ಲೆಟ್ ಕೂಡ ಅಲ್ಲೇ. ಬಂದವರಿಗೆ ಕಚೇರಿ ಸುಲಭವಾಗಿ ಸಿಗಲಿ ಎಂದು ಅಲ್ಲಿಟ್ಟರೆ, ಒಳಗೆ ಕೂತವರಿಗೆ ವರ್ಷಪೂರ್ತಿ ಜಾಲರಿಯ ವಾಸನೆ. ಬೆಂಗಳೂರಿನ ಗಾಳಿಗೆ ಒಂದು ಶಿಸ್ತಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಪಶ್ಚಿಮ–ನೈಋತ್ಯದಿಂದ ಬೀಸುತ್ತದೆ, ನವೆಂಬರ್‌ನಿಂದ ಫೆಬ್ರವರಿ ತನಕ ಪೂರ್ವ–ಈಶಾನ್ಯದಿಂದ. ಅಂದರೆ ಇನ್‌ಲೆಟ್‌ನ ಪೂರ್ವಕ್ಕೆ ಕಟ್ಟಡ ಇಟ್ಟರೆ ಮಳೆಗಾಲದಲ್ಲಿ ವಾಸನೆ, ಪಶ್ಚಿಮಕ್ಕೆ ಇಟ್ಟರೆ ಚಳಿಗಾಲದಲ್ಲಿ. ಉಳಿಯುವುದು ಗಾಳಿಯ ದಾರಿಗೆ ಅಡ್ಡ ಬರದ ಉತ್ತರ ಅಥವಾ ದಕ್ಷಿಣದ ಬದಿ, ಅದೂ ಔಟ್‌ಲೆಟ್ ಹತ್ತಿರ. ಬೆಳಗಿನ ಜಾವದ ಲೆಕ್ಕ ಬೇರೆ. ರಾತ್ರಿ ತಂಪಾದ ಗಾಳಿ ಕಣಿವೆಯ ತಗ್ಗಿಗೆ ಜಾರುತ್ತದೆ. ಜೊತೆಗೆ ವಾಸನೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೀಗಾಗಿ ತಗ್ಗಿನಲ್ಲಿರುವ ಕೋಣೆಗಿಂತ ಮೇಲಿನ ಮಹಡಿ ವಾಸಿ.

ಕೆಟ್ಟ ವಾಸನೆಯ ಪಕ್ಕದಲ್ಲೇ ಜಾಗ ಸಿಕ್ಕಿದರೂ ಕಿಟಕಿ ತೆರೆದಿಟ್ಟುಕೊಂಡು ಬದುಕಬಹುದು ಎಂಬುದಕ್ಕೆ ಬೆಂಗಳೂರಲ್ಲೇ ಒಂದು ಪಾಠವಿದೆ. ದೊಮ್ಮಲೂರಿನಲ್ಲಿರುವ, ಇಂಧನ–ಪರಿಸರ ಸಂಶೋಧನೆ ಮಾಡುವ ಟೆರಿ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ. ಅದನ್ನು ರೂಪಿಸಿದ ಆರ್ಕಿಟೆಕ್ಟ್ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ನಾರುವ ತೆರೆದ ಕಾಲುವೆ. ತಂಗಾಳಿ ಬರುವುದೂ ಆ ಕಡೆಯಿಂದಲೇ. ಬೇರೆ ಯಾರಾದರೂ ಆಗಿದ್ದರೆ ಸುತ್ತ ಗಾಜು ಮುಚ್ಚಿ ಎ.ಸಿ. ಹಾಕಿಸುತ್ತಿದ್ದರು. ಅಲ್ಲಿ ದಕ್ಷಿಣದ ಗೋಡೆಯನ್ನೇ ಮುಚ್ಚಿಬಿಟ್ಟಿದ್ದಾರೆ, ಕಟ್ಟಡ ತೆರೆದುಕೊಳ್ಳುವುದು ಉತ್ತರಕ್ಕೆ. ದಕ್ಷಿಣದ್ದು ನಡುವೆ ಪೊಳ್ಳು ಬಿಟ್ಟ ಜೋಡಿ ಗೋಡೆ, ಹೊರಮೈಗೆ ಕಪ್ಪು ಕಡಪಾ ಕಲ್ಲು. ಬಿಸಿಲಿಗೆ ಕಲ್ಲು ಕಾಯುತ್ತದೆ, ಪೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಆ ಸೆಳೆತಕ್ಕೆ ಕೋಣೆಗಳ ಗಾಳಿ ಹಿಂದೆಯೇ ಹೊರಡುತ್ತದೆ, ಅದರ ಜಾಗಕ್ಕೆ ಉತ್ತರದ ಕಡೆಯಿಂದ ಹೊಸ ಗಾಳಿ ಒಳಬರುತ್ತದೆ. ಅಡುಗೆಮನೆಯ ಹೊಗೆಗೂಡು ಹೊಗೆಯನ್ನು ಎಳೆಯುವ ರೀತಿಯೇ ಇದು, ಒಲೆಯ ಬದಲು ಸೂರ್ಯ. ಎಸ್‌ಟಿಪಿಯ ಕಚೇರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ: ಟ್ಯಾಂಕುಗಳ ಕಡೆಗೆ ಕುರುಡು ಗೋಡೆ, ಆಚೆ ಕಡೆಗೆ ಕಿಟಕಿ.

ಆದರೆ ಲ್ಯಾಬಿಗೆ ಈ ಉಪಾಯ ಪೂರ್ತಿ ಸಲ್ಲುವುದಿಲ್ಲ. ವರ್ತೂರು ಕಡೆಯ ಒಂದು ಘಟಕದ ಕೆಲಸದಲ್ಲಿ ನನಗೆ ಪಾಠ ಹೇಳಿದವರು ಅಲ್ಲಿನ ಕೆಮಿಸ್ಟ್ ಮೇಡಂ. ನಾನು ಎಲ್ಲ ಕೋಣೆಗೂ ಜಾಲರಿ ಗೋಡೆ ಬರೆದುಕೊಂಡು ಹೋಗಿದ್ದೆ. ಅವರು ನಕ್ಷೆ ನೋಡಿ, "ಸಾರ್, ಈ ತಕ್ಕಡಿ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು ತೋರಿಸುತ್ತೆ. ನೀವು ತಂಗಾಳಿ ಬಿಟ್ಟರೆ ಅದು ಕುಣಿಯುತ್ತೆ. ನನಗೆ ಗಾಳಿ ಬೇಡ, ಬೆಳಕು ಕೊಡಿ. ಅದೂ ಉತ್ತರದ್ದು" ಎಂದರು. ಉತ್ತರವೇ ಯಾಕೆ ಎಂದರೆ ಮಾತಿನಲ್ಲಿ ಹೇಳಲಿಲ್ಲ, ಬ್ಯೂರೆಟ್ ಮುಂದೆ ನಿಲ್ಲಿಸಿದರು. ಸಿಒಡಿ ಪರೀಕ್ಷೆಯಲ್ಲಿ ಸ್ಯಾಂಪಲ್ಲನ್ನು ಗಂಧಕಾಮ್ಲ, ಡೈಕ್ರೋಮೇಟ್ ಜೊತೆ ಸುಮಾರು 150 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿ, ಆರಿಸಿ, ಫೆರೋಯಿನ್ ಎಂಬ ಸೂಚಕ ಎರಡು ಮೂರು ಹನಿ ಹಾಕಿ, ಮೇಲಿನಿಂದ ಹನಿ ಹನಿಯಾಗಿ ಟೈಟ್ರೇಷನ್ ಮಾಡುತ್ತಾರೆ. ಹಳದಿ ಹೋಗಿ ನೀಲಿ ಬೆರೆತ ಹಸಿರಾಗುತ್ತದೆ. ಇನ್ನೊಂದು ಹನಿ ಬಿದ್ದದ್ದೇ ತಡ ತಟ್ಟನೆ ಇಟ್ಟಿಗೆ ಕೆಂಪು. ಆ ಒಂದು ಹನಿಯನ್ನು ಹಿಡಿಯುವುದೇ ಕೆಲಸ. ಪಶ್ಚಿಮದ ಇಳಿಬಿಸಿಲು ಬಿದ್ದ ಮೇಜಿನ ಮೇಲೆ ಎಲ್ಲವೂ ಕೆಂಪಾಗಿ ಕಾಣುತ್ತದೆ. ಉತ್ತರದ ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ದೆಹಲಿಯ ಪುಸ್ತಕ ನೋಡಿ ಉತ್ತರಕ್ಕೆ ಸಜ್ಜಾ ಬೇಡ ಎಂದು ಬಿಟ್ಟರೆ ಮೇ ತಿಂಗಳಲ್ಲಿ ಮೇಜಿನ ಮೇಲೆ ಬಿಸಿಲು. ಇಲ್ಲಿ ಉತ್ತರದ ಕಿಟಕಿಗೂ ಸಣ್ಣ ಸಜ್ಜಾ ಬೇಕು, ಎರಡೂ ಪಕ್ಕಕ್ಕೆ ಒಂದೊಂದು ನಿಲುವು ಚಪ್ಪಡಿಯೂ ಬೇಕು.

ಲ್ಯಾಬಿನಲ್ಲಿ ಕರೆಂಟು ನುಂಗುವುದು ಯಾವುದು ಎಂದು ಕೇಳಿದರೆ ಎಲ್ಲರೂ ಎ.ಸಿ. ಎನ್ನುತ್ತಾರೆ. ಎ.ಸಿ.ಯನ್ನು ನುಂಗುವುದು ಫ್ಯೂಮ್ ಹುಡ್. ಆಮ್ಲದ ಹೊಗೆ ಎಳೆದು ಹೊರಹಾಕುವ ಗಾಜಿನ ಬಾಗಿಲಿನ ಪೆಟ್ಟಿಗೆ ಅದು. ಒಂದೂವರೆ ಮೀಟರ್ ಅಗಲದ ಬಾಗಿಲನ್ನು ಅರ್ಧ ಮೀಟರ್ ಎತ್ತಿಟ್ಟು, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಎಳೆದರೆ ಗಂಟೆಗೆ 1,350 ಘನ ಮೀಟರ್ ಗಾಳಿ ಹೊರಹೋಗುತ್ತದೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿರುವುದೇ 90 ಘನ ಮೀಟರ್. ಅಂದರೆ ದುಡ್ಡು ಕೊಟ್ಟು ತಂಪು ಮಾಡಿದ ಇಡೀ ಕೋಣೆಯ ಗಾಳಿಯನ್ನು ನಾಲ್ಕು ನಿಮಿಷಕ್ಕೊಮ್ಮೆ ಮೇಲಕ್ಕೆ ಊದಿಬಿಡುತ್ತೇವೆ. ಇದಕ್ಕೆ ಸೋಲಾರ್ ಹಾಕುವುದಕ್ಕಿಂತ ಮೊದಲು ಮಾಡಬೇಕಾದದ್ದು ಹುಡ್ಡಿನ ಕೆಲಸವನ್ನೇ ಕಡಿಮೆ ಮಾಡುವುದು. ಆಮ್ಲದ ಕೆಲಸಕ್ಕೆ ಪುಟ್ಟ ಪ್ರತ್ಯೇಕ ಕೋಣೆ ಮಾಡಿ, ಅದಕ್ಕೆ ತಂಪು ಮಾಡದ, ಬರೀ ಸೋಸಿದ ಗಾಳಿ ಕೊಟ್ಟರೆ ಸಾಕು. ಬೆಂಗಳೂರಿನ ಹವೆ ವರ್ಷದ ಬಹುಪಾಲು ಅದಕ್ಕೆ ಒಪ್ಪುತ್ತದೆ. ತಕ್ಕಡಿ ಮತ್ತು ಯಂತ್ರಗಳ ಕೋಣೆಗಷ್ಟೇ ಎ.ಸಿ.

ಪರೀಕ್ಷೆಯ ವಿಧಾನ ಬದಲಾದರೆ ಕಟ್ಟಡವೂ ಬದಲಾಗುತ್ತದೆ. ಸಿಒಡಿಯ ಹಳೆಯ ತೆರೆದ ರಿಫ್ಲಕ್ಸ್ ವಿಧಾನದಲ್ಲಿ 50 ಮಿಲಿಲೀಟರ್ ಸ್ಯಾಂಪಲ್ಲಿಗೆ 75 ಮಿಲಿಲೀಟರ್ ಆಮ್ಲ, 25 ಮಿಲಿಲೀಟರ್ ಡೈಕ್ರೋಮೇಟ್, ಒಂದು ಗ್ರಾಂ ಪಾದರಸದ ಲವಣ ಬೇಕು. ಮೇಲೆ ಕಂಡೆನ್ಸರಿಗೆ ಎರಡು ಗಂಟೆ ನಲ್ಲಿ ನೀರು ಹರಿಯುತ್ತಿರಬೇಕು. ಮುಚ್ಚಿದ ಟ್ಯೂಬಿನ ವಿಧಾನದಲ್ಲಿ ಎರಡೂವರೆ ಮಿಲಿಲೀಟರ್ ಸ್ಯಾಂಪಲ್, ಮೂರೂವರೆ ಆಮ್ಲ, ಒಂದೂವರೆ ಡೈಕ್ರೋಮೇಟ್. ಆಮ್ಲ ಇಪ್ಪತ್ತು ಪಟ್ಟು ಕಡಿಮೆ, ಕಂಡೆನ್ಸರ್ ನೀರು ಸೊನ್ನೆ, ಹುಡ್ಡು ಅರ್ಧಕ್ಕೆ ಇಳಿಯುತ್ತದೆ. ಉಳಿದ ತ್ಯಾಜ್ಯದಲ್ಲಿ ಪಾದರಸ, ಕ್ರೋಮಿಯಂ, ಬೆಳ್ಳಿ ಇರುತ್ತವೆ. ಅದನ್ನು ಸಿಂಕಿಗೆ ಸುರಿದರೆ ತಿರುಗಿ ಇನ್‌ಲೆಟ್‌ಗೇ ಹೋಗಿ ಕೊಳೆ ತಿನ್ನುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದಕ್ಕೆ ನಾನು ಸಿಒಡಿ ಮೇಜಿಗೆ ಸಿಂಕನ್ನೇ ಕೊಡುವುದಿಲ್ಲ. ಪಕ್ಕದಲ್ಲಿ ಕ್ಯಾನ್ ಇಡುವ ಗೂಡು ಮಾತ್ರ. ತುಂಬಿದ ಕ್ಯಾನು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕದ ದಾರಿ ಹಿಡಿಯುತ್ತದೆ.

ಬಿಒಡಿಯದು ಇನ್ನೂ ಸ್ವಾರಸ್ಯ. ಸ್ಯಾಂಪಲ್ಲನ್ನು ಐದು ದಿನ 20 ಡಿಗ್ರಿಯಲ್ಲಿಟ್ಟು, ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸಿದವೆಂದು ಅಳೆಯುವ ಪದ್ಧತಿಗೆ ಇಂಗ್ಲೆಂಡಿನ ರಾಯಲ್ ಕಮಿಷನ್ ಮೂಲ. ಅಲ್ಲಿನ ನದಿಗಳ ನೀರು ಸಮುದ್ರ ಸೇರಲು ಹೆಚ್ಚೆಂದರೆ ಐದು ದಿನ, ಅಲ್ಲಿನ ಬೇಸಿಗೆ ತಂಪು. ಭಾರತೀಯ ಮಾನಕ ನಮ್ಮ ಹವೆಗೆ ಹೊಂದುವಂತೆ 27 ಡಿಗ್ರಿ, ಮೂರು ದಿನ ಎಂದು ಮಾಡಿಕೊಂಡಿತು. ಫಲಿತಾಂಶ ಎರಡು ದಿನ ಮುಂಚೆ ಸಿಗುತ್ತದೆ. 27 ಡಿಗ್ರಿ ಎಂದರೆ ಬೆಂಗಳೂರಿನ ಕೋಣೆಯ ಹವೆಗೆ ತೀರಾ ಹತ್ತಿರ, ಹಾಗಾಗಿ ಇನ್‌ಕ್ಯುಬೇಟರಿಗೂ ಹೆಚ್ಚು ಹೆಣಗಾಟವಿಲ್ಲ. ಪರೀಕ್ಷೆಯನ್ನೇ ಊರಿನ ಹವೆಗೆ ಒಗ್ಗಿಸಿಕೊಂಡ ಮೇಲೆ ಕಟ್ಟಡವನ್ನು ಒಗ್ಗಿಸಲು ಏನು ಅಡ್ಡಿ?

ಎ.ಸಿ. ಬಗ್ಗೆ ಇನ್ನೊಂದು ಮಾತು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ, ತಾಮ್ರಕ್ಕೆ ವೈರಿ. ಇನ್‌ಲೆಟ್ ಪಕ್ಕದ ಒಂದು ಕೋಣೆಯ ಎ.ಸಿ. ಬಿಚ್ಚಿದಾಗ ನೋಡಿದ್ದೇನೆ: ಹೊಳೆಯಬೇಕಾದ ತಾಮ್ರದ ಕೊಳವೆ ಕಾಡಿಗೆ ಬಳಿದಂತೆ ಕಪ್ಪಾಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಗ್ಯಾಸು ಸೋರಿ ಎ.ಸಿ. ನಿಂತಿತ್ತು. ಕಂಪ್ಯೂಟರಿನ ಬೋರ್ಡು, ಪ್ಯಾನೆಲ್ಲಿನ ಕಾಂಟ್ಯಾಕ್ಟುಗಳಿಗೂ ಇದೇ ಗತಿ. ಈ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಹತ್ತಿರ ಹರಿಯುತ್ತದೆ. ಹಾಗಾಗಿ ಹೊಸ ಗಾಳಿಯನ್ನು ಎಳೆದುಕೊಳ್ಳುವ ಬಾಯಿ ನೆಲದ ಮಟ್ಟದಲ್ಲಿರಬಾರದು, ಚಾವಣಿಯ ಎತ್ತರದಲ್ಲಿರಬೇಕು. ಅದಕ್ಕೆ ಇದ್ದಿಲಿನ ಫಿಲ್ಟರ್ ಕೂರಿಸಿ, ಹೊರಗಿಗಿಂತ ಒಳಗೆ ಒತ್ತಡ ತುಸು ಹೆಚ್ಚಿಟ್ಟರೆ ಬಾಗಿಲು ತೆರೆದಾಗ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ. ಕೊಳವೆಗೆ ಲೇಪನ ಇರುವ ಎ.ಸಿ. ಕೊಂಡರೆ ಇನ್ನೂ ಒಳ್ಳೆಯದು. ಆರು ತಿಂಗಳಿಗೊಂದು ಎ.ಸಿ. ಬದಲಿಸುವ ಕಟ್ಟಡದ ಹಣೆಗೆ ಎಷ್ಟು ಸ್ಟಾರ್ ರೇಟಿಂಗ್ ಅಂಟಿಸಿದರೇನು?

ಇನ್ನು ನೆಲದ ಮಟ್ಟ. ಎಸ್‌ಟಿಪಿಗಳು ಇರುವುದೇ ಕಣಿವೆಯ ತಳದಲ್ಲಿ, ಕೆರೆಯ ಅಂಚಿನಲ್ಲಿ. ನೀರು ತಾನಾಗಿ ಹರಿದು ಬರಬೇಕಲ್ಲ. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಹೇಗೆ ಮುಳುಗಿದವು, ಟ್ರ್ಯಾಕ್ಟರಿನಲ್ಲಿ ಜನ ಆಫೀಸಿಗೆ ಹೇಗೆ ಹೋದರು ಎಂಬುದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದಾರೆ. ಆದ್ದರಿಂದ ಕೆಳಗಿನ ಅಂತಸ್ತಿನಲ್ಲಿ ನೆನೆದರೂ ನಷ್ಟವಿಲ್ಲದ್ದು ಮಾತ್ರ: ಸ್ಯಾಂಪಲ್ ಇಳಿಸುವ ಕಟ್ಟೆ, ಬೂಟು ತೊಳೆಯುವ ಜಾಗ, ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ. ಲ್ಯಾಬು, ಕಚೇರಿ, ಪ್ಯಾನೆಲ್, ರಾಸಾಯನಿಕದ ದಾಸ್ತಾನು ಮೇಲೆ. ಇದರಿಂದ ಇನ್ನೊಂದು ಲಾಭ ಆಗುತ್ತದೆ. ಜಾಲರಿ ಕೆರೆದು ಬಂದ ಆಪರೇಟರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಮೆಟ್ಟಿಲು ಹತ್ತಿ ಊಟಕ್ಕೆ ಹೋಗುತ್ತಾನೆ. ಕೊಳಕು ಕೆಳಗೇ ಉಳಿಯುತ್ತದೆ. ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ, ಅವರ ಶೌಚಾಲಯ, ಬಟ್ಟೆಯ ಕೋಣೆ ನಕ್ಷೆಯಲ್ಲೇ ಬರಬೇಕು. ಕಟ್ಟಿದ ಮೇಲೆ ಮೆಟ್ಟಿಲ ಕೆಳಗೆ ತುರುಕುವ ಕೆಲಸ ಅದಲ್ಲ.

ಕರೆಂಟಿನ ಲೆಕ್ಕಕ್ಕೆ ಬರೋಣ. ಸಾವಿರ ಲೀಟರ್ ಕೊಳಚೆಗೆ 0.3 ಯೂನಿಟ್ ಎಂದು ಹಿಡಿದರೆ 10 ಎಂ.ಎಲ್.ಡಿ. ಘಟಕಕ್ಕೆ ದಿನಕ್ಕೆ 3,000 ಯೂನಿಟ್ ಬೇಕು. ಅರ್ಧಕ್ಕಿಂತ ಹೆಚ್ಚು ಬ್ಲೋವರುಗಳಿಗೇ ಹೋಗುತ್ತದೆ. 400 ಚದರ ಮೀಟರಿನ ಎರಡಂತಸ್ತಿನ ಕಚೇರಿ–ಲ್ಯಾಬು ಜಾಣತನದಿಂದ ಕಟ್ಟಿದರೆ ದಿನಕ್ಕೆ ಎಂಬತ್ತು ಯೂನಿಟ್ ಒಳಗೆ ಮುಗಿಯುತ್ತದೆ. 200 ಚದರ ಮೀಟರ್ ತಾರಸಿಯಲ್ಲಿ 20 ಕಿಲೋವ್ಯಾಟ್ ಸೋಲಾರ್ ಕೂರುತ್ತದೆ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ಅಲ್ಲಿಗೆ ಲೆಕ್ಕ ಚುಕ್ತಾ. ಘಟಕದ ಒಟ್ಟು ಬಿಲ್ಲಿನಲ್ಲಿ ಇದು ನೂರಕ್ಕೆ ಮೂರರಷ್ಟೂ ಇಲ್ಲ ಎಂಬುದು ನಿಜ. ಕರೆಂಟು ಉಳಿಸುವುದೊಂದೇ ಗುರಿಯಾದರೆ ಆ ದುಡ್ಡನ್ನು ಒಳ್ಳೆಯ ಬ್ಲೋವರಿಗೆ ಹಾಕಿ ಎಂದು ನಾನೇ ಹೇಳುತ್ತೇನೆ. ಸರ್ಕಾರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ 2017ರ ಆವೃತ್ತಿಯಲ್ಲಿ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಂಪರ್ಕ ಇರುವ ಕಟ್ಟಡಗಳನ್ನೇ ಲೆಕ್ಕಕ್ಕೆ ಹಿಡಿದದ್ದು. ಇಂಥ ಪುಟ್ಟ ಕಟ್ಟಡ ಅದರ ಬಲೆಗೆ ಬೀಳುವುದೇ ಇಲ್ಲ.

ಕರೆಂಟು ಉಳಿಸಲು ದೊಡ್ಡ ಯಂತ್ರ ಹಿಡಿದವರೂ ಇದ್ದಾರೆ. ವಾಷಿಂಗ್ಟನ್ ಡಿ.ಸಿ.ಯ ಜಲಮಂಡಳಿ 2018ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಕೊಳಚೆ ನೀರಿನ ಪಂಪಿಂಗ್ ಸ್ಟೇಷನ್ನಿನ ಮೇಲೆಯೇ ಕಟ್ಟಿಕೊಂಡು, ಹರಿಯುವ ಕೊಳಚೆಯೊಡನೆ ಶಾಖ ವಿನಿಮಯದಿಂದಲೇ ಚಳಿಗಾಲದಲ್ಲಿ ಬಿಸಿ, ಬೇಸಿಗೆಯಲ್ಲಿ ತಂಪು ಪಡೆಯುತ್ತಿದೆ. ಹಿಮ ಬೀಳುವ ಊರಿಗೆ ಅದು ದೊಡ್ಡ ಉಳಿತಾಯ. ನಮಗೆ ಅಂಥ ಯಂತ್ರದ ಹಂಗು ಅಷ್ಟಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು ಪುಕ್ಕಟೆಯಾಗಿ ಕೊಟ್ಟಿರುವ ಹವೆಯನ್ನು ಕೆಡಿಸಿಕೊಳ್ಳದಿದ್ದರೆ ಸಾಕು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಡಬ್ಬಿಗಳನ್ನು ಎಸ್‌ಟಿಪಿಗೂ ತಂದು ಇಳಿಸುವುದು ಬೇಡ.

ನೀರಿನ ವಿಷಯದಲ್ಲಿ ಇಂಥ ಕಟ್ಟಡ ಹಣ ಕೊಟ್ಟು ಕೊಳ್ಳಬೇಕಾದದ್ದು ಕುಡಿಯುವ ನೀರು ಮಾತ್ರ. ಫ್ಲಶ್ಶಿಗೆ, ಗಿಡಕ್ಕೆ, ನೆಲ ತೊಳೆಯಲು ಔಟ್‌ಲೆಟ್‌ನ ನೀರಿದೆ. ಬೇರೆ ಬಣ್ಣದ ಬೇರೆ ಪೈಪು ಹಾಕಿದರೆ ಆಯಿತು. ಲ್ಯಾಬಿಗೆ ಲವಣವಿಲ್ಲದ ನೀರು ಬೇಕು. ವೈಟ್‌ಫೀಲ್ಡಿನ ಬೋರ್‌ವೆಲ್ಲಿನ ಗಡಸು ನೀರನ್ನು ಆರ್.ಓ.ಗೆ ಹಾಕಿ ಅರ್ಧ ಚೆಲ್ಲುವುದಕ್ಕಿಂತ ಮಳೆನೀರು ವಾಸಿ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, 200 ಚದರ ಮೀಟರ್ ತಾರಸಿ. ಸೋರಿದ್ದು ಹಾರಿದ್ದು ಕಳೆದರೂ ಒಂದೂವರೆ ಲಕ್ಷ ಲೀಟರ್. 2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಇಡೀ ಊರು ಟ್ಯಾಂಕರಿಗೆ ಕಾದಾಗ, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ ದಂಡ ಎಂದಿತು ಜಲಮಂಡಳಿ. ಎಸ್‌ಟಿಪಿಯ ಕಟ್ಟಡಕ್ಕೆ ಕ್ಯೂರಿಂಗ್ ನೀರು ಹೊರಗಿನಿಂದ ತಂದರೆ ನಾಚಿಕೆಗೇಡು.

ಗೋಡೆಗೆ ನನ್ನ ಆಯ್ಕೆ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ. ಟ್ಯಾಂಕಿಗೆ ಅಗೆದ ಕೆಂಪು ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸುವ ಬದಲು, ಸ್ವಲ್ಪ ಸಿಮೆಂಟು ಸೇರಿಸಿ, ಒತ್ತಿ, ಸುಡದೆ ಇಟ್ಟಿಗೆ ಮಾಡುವ ವಿದ್ಯೆಯನ್ನು ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಎಂಬ ಹೆಸರಿನಲ್ಲಿ ಶುರುವಾದ ಕೇಂದ್ರ 1970ರ ದಶಕದಿಂದ ಬೆಳೆಸಿಕೊಂಡು ಬಂದಿದೆ. ಆದರೆ ಅನಿಲ ತಾಕುವ ಟ್ಯಾಂಕಿನ ಕಡೆಯ ಗೋಡೆಗೆ ಕಲ್ಲಿನ ಹೊದಿಕೆ ಬೇಕು. ಸಲ್ಫೈಡ್ ಒದ್ದೆ ಮೈಮೇಲೆ ಬ್ಯಾಕ್ಟೀರಿಯಾದಿಂದ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಗ್ರಾನೈಟನ್ನು ಅದು ಮುಟ್ಟಲಾರದು.

ಪೀಣ್ಯದಂಥ ಕಡೆ ಲ್ಯಾಬಿನ ಹೊಣೆ ಇನ್ನೂ ಹೆಚ್ಚು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ, ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವ ಪ್ರದೇಶ ಅದು. ರಾತ್ರಿ ಯಾರೋ ಚರಂಡಿಗೆ ಬಿಟ್ಟ ಆಮ್ಲ ಬೆಳಗಾಗುವಷ್ಟರಲ್ಲಿ ಏರೇಷನ್ ಟ್ಯಾಂಕಿನ ಜೀವ ತೆಗೆಯಬಲ್ಲದು. ಅಂಥಲ್ಲಿ ಲ್ಯಾಬಿನಿಂದ ಇನ್‌ಲೆಟ್ ತನಕ ಮಳೆಯಲ್ಲೂ ನಡೆದು ಹೋಗಲು ಮಾಡು ಇರುವ ದಾರಿ ಬೇಕು, ಲೋಹ ಅಳೆಯುವ ಯಂತ್ರಕ್ಕೆ ಬೇರೆ ಕೋಣೆ ಬೇಕು. ನಾರದಷ್ಟು ದೂರ, ನಡೆಯುವಷ್ಟು ಹತ್ತಿರ: ಈ ಎರಡರ ನಡುವಿನ ಜಾಗ ಹುಡುಕುವುದೇ ಆರ್ಕಿಟೆಕ್ಟನ ಕೆಲಸ.

ಆ ಜಾಗ ಹುಡುಕಲು ಅವಕಾಶ ಸಿಗುವುದು ಅಪರೂಪ. ಇಂಥ ಘಟಕಗಳ ಟೆಂಡರಿನಲ್ಲಿ ಪಂಪಿನ ಹೆಡ್ಡು, ಪೈಪಿನ ದಪ್ಪ, ವಾಲ್ವಿನ ಲೋಹ ಪುಟಗಟ್ಟಲೆ ಇರುತ್ತವೆ. ಕಟ್ಟಡದ ಪಾಲಿಗೆ ಒಂದು ಸಾಲು: ‘ಅಡ್ಮಿನ್ ಕಂ ಲ್ಯಾಬ್ ಬಿಲ್ಡಿಂಗ್, ಒಂದು’. ಅದು ಒಂದು ಪುಟವಾಗಬೇಕು. ಗಾಳಿಯ ದಿಕ್ಕಿಗೆ ತಕ್ಕ ಜಾಗ, ನೆರೆ ಮಟ್ಟಕ್ಕಿಂತ ಮೇಲಿನ ನೆಲ, ಉತ್ತರದ ಬೆಳಕು, ಹೊರಗಾಳಿ ಎಳೆಯುವ ಬಾಯಿಯ ಎತ್ತರ, ಸಿಒಡಿ ತ್ಯಾಜ್ಯದ ದಾರಿ, ಹೆಂಗಸರ ಕೋಣೆ ಇಷ್ಟನ್ನು ಬರೆದರೆ ಪುಟ ತುಂಬುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೆಚ್ಚುವರಿ ದುಡ್ಡು ಬೇಕಿಲ್ಲ, ಪೆನ್ಸಿಲ್ ಹಿಡಿಯುವ ಮೊದಲು ಕೆಮಿಸ್ಟನ್ನೂ ಆಪರೇಟರನ್ನೂ ಕೂರಿಸಿಕೊಂಡು ಕೇಳಿದರೆ ಸಾಕು.